ಪೊಳ್ಳಿನ ದನಿ, ಗಟ್ಟಿಯ ದನಿ: ಸತ್ತಿ ರಸ್ತೆಯ ಒಂದು ಪಿಕಪ್ ಕ್ಯಾರಿಯರ್ ಮತ್ತು ಗಾಳಿಸದ್ದಿನ ಚರಿತ್ರೆ

ದಿನಬಳಕೆಯ ಒಂದು ವಸ್ತು ಹಿಡಿದು ಚರಿತ್ರೆ ಬರೆಯಿರಿ ಅಂತ ಹೇಳಿದಾಗ ನಮ್ಮ ತರಗತಿಯವರು ಒರಳು, ಚಿಮಣಿ ದೀಪ, ಟ್ರಂಕು ಇಂಥವನ್ನು ಆರಿಸಿಕೊಂಡರು. ನಾನು ಆರಿಸಿಕೊಂಡದ್ದು ಪಿಕಪ್ ಗಾಡಿಯ ಕ್ಯಾಬಿನ್ ಮೇಲೆ ಕೂರಿಸುವ ಕ್ಯಾರಿಯರ್. ಸರಿಯಾಗಿ ಹೇಳಬೇಕಂದ್ರೆ, ಆ ಕ್ಯಾರಿಯರ್ ಗಾಳಿಗೆ ಸಿಕ್ಕಿ ಮಾಡುವ ಸದ್ದು, ಮತ್ತು ಆ ಸದ್ದನ್ನು ನಿಲ್ಲಿಸಿದ ಬಗೆ. ಸಾಹಿತ್ಯ ವಿಭಾಗದಲ್ಲಿ ಇದೇನು ಅಂತ ಕೆಲವರಿಗೆ ಅನ್ನಿಸಬಹುದು. ಕೇಶಿರಾಜನವರೆಗೂ ಹೋಗ್ತೀನಿ, ಸ್ವಲ್ಪ ತಾಳ್ಮೆ ಇರಲಿ.

ನನ್ನ ವಾದ ಇಷ್ಟು. ಗಾಳಿಯಿಂದ ಹುಟ್ಟುವ ದನಿಯಲ್ಲಿ ಎರಡು ಜಾತಿ. ಒಂದು, ಪೊಳ್ಳಾದ ವಸ್ತುವಿನೊಳಗೆ ಗಾಳಿ ಹೊಕ್ಕು ಹುಟ್ಟುವುದು. ಇನ್ನೊಂದು, ಗಟ್ಟಿಯಾದ ಕಂಬಿಯ ಹೊರಮೈ ಬಳಸಿ ಗಾಳಿ ಹೋಗುವಾಗ ಹುಟ್ಟುವುದು. ಮೊದಲನೆಯದನ್ನು ನಮ್ಮ ನಿಘಂಟು, ಕಾವ್ಯ, ವ್ಯಾಕರಣ ಮೂರೂ ಚೆನ್ನಾಗಿ ಬಲ್ಲವು. ಎರಡನೆಯದಕ್ಕೆ ಲೆಕ್ಕ ಸಿಕ್ಕಿದ್ದು 1878ರಲ್ಲಿ, ಯುರೋಪಿನಲ್ಲಿ. ಸದ್ದು ಮಾಡುವ ಕ್ಯಾರಿಯರನ್ನು ರಿಪೇರಿಗೆ ಕೊಟ್ಟಾಗ ಪಟ್ಟರೆಯವರೂ ಮೊದಲು ಹುಡುಕುವುದು ಪೊಳ್ಳನ್ನೇ, ತೂತನ್ನೇ. ಇದರ ಜೊತೆಗೆ ಇನ್ನೊಂದು ಪ್ರಶ್ನೆಯೂ ಉಂಟು. ಸದ್ದು ನಿಂತಿತು ಅಂತ ತೀರ್ಪು ಕೊಡಬೇಕಾದದ್ದು ಯಾರ ಕಿವಿ?

ಊರಿನ ಬಗ್ಗೆ ಎರಡು ಮಾತು. ಶರವಣಂಪಟ್ಟಿ ಕೊಯಮತ್ತೂರಿನ ಉತ್ತರಕ್ಕೆ, ಸತ್ಯಮಂಗಲಕ್ಕೆ ಹೋಗುವ ರಸ್ತೆಯ ಮೇಲಿದೆ. ಈಗ ಅಲ್ಲಿಗೆ ಹೋದವರಿಗೆ ಕಾಣುವುದು ಐ.ಟಿ. ಕಂಪನಿಗಳು, ಮಾಲು, ಹಾಸ್ಟೆಲ್ಲುಗಳು, ಎಂಜಿನಿಯರಿಂಗ್ ಕಾಲೇಜು. ಆದರೆ ಆ ರಸ್ತೆ ಕನ್ನಡದವರಿಗೆ ಹಳೆಯ ದಾರಿ. ಗಣಪತಿ, ಶರವಣಂಪಟ್ಟಿ, ಕೋವಿಲ್‌ಪಾಳಯಂ, ಅಣ್ಣೂರು, ಪುಳಿಯಂಪಟ್ಟಿ, ಸತ್ಯಮಂಗಲ, ಬಣ್ಣಾರಿ, ಅಲ್ಲಿಂದ 27 ತಿರುವುಗಳ ದಿಂಬಂ ಘಾಟಿ ಹತ್ತಿ ಹಾಸನೂರು, ಮುಂದೆ ಚಾಮರಾಜನಗರ. ಘಾಟಿಯ ಮೇಲಿನ ತಾಳವಾಡಿ ಈರೋಡ್ ಜಿಲ್ಲೆಗೆ ಸೇರಿದ್ದರೂ ಮನೆಮಾತು ಬಹುಪಾಲು ಕನ್ನಡ. ರಾಜ್‌ಕುಮಾರ್ ಅವರ ಗಾಜನೂರು ಇರೋದು ಅಲ್ಲೇ. 1799ರಲ್ಲಿ ಟಿಪ್ಪು ಸಾಯುವವರೆಗೆ ಕೊಯಮತ್ತೂರು ಸೀಮೆ ಮೈಸೂರಿನ ಕೈಯಲ್ಲಿತ್ತು. ಘಾಟಿಯ ಕೆಳಗೆ, ಬಯಲಿನಲ್ಲಿ, ಕನ್ನಡ ಮಾತಾಡುವ ದೇವಾಂಗದ ನೇಕಾರ ಮನೆಗಳು ಇವತ್ತಿಗೂ ಇವೆ. ಆ ಕನ್ನಡಕ್ಕೆ ಬರಹ ಇಲ್ಲ. ಬರೆಯಬೇಕಾದಾಗ ತಮಿಳು ಲಿಪಿ. ನನ್ನ ತಾಯಿಯ ಕಡೆಯವರು ಅವರೇ. ಈ ಲೇಖನದ ಗಾಡಿ ನನ್ನ ಸೋದರಮಾವನದು. ಇನ್ನು ಮುಂದೆ ಬರೀ ಮಾಮ ಅಂತೀನಿ.

ಮಾಮ ಇಪ್ಪತ್ತು ವರ್ಷ ಸೋಮನೂರು ಕಡೆ ಪವರ್‌ಲೂಮ್ ಓಡಿಸಿದವರು. ಅವರ ಅಪ್ಪನದು ಕೈಮಗ್ಗ. ಮಗ್ಗದಿಂದ ಗಾಡಿಗೆ ಬಂದದ್ದು ಅವರೊಬ್ಬರೇ ಅಲ್ಲ. 2005ರಲ್ಲಿ ಟಾಟಾ ಏಸ್, 2011ರಲ್ಲಿ ಅಶೋಕ್ ಲೇಲ್ಯಾಂಡ್ ದೋಸ್ತ್ ಬಂದ ಮೇಲೆ ಸಣ್ಣ ಸರಕುಗಾಡಿ ಅನ್ನೋದು ಒಂದು ಮನೆ ಸಾಲ ಮಾಡಿ ಕೊಳ್ಳಬಹುದಾದ ದುಡಿಮೆ ಆಯಿತು. ಕೂಲಿ ಏರದ ಮಗ್ಗ ಮಾರಿ ಗಾಡಿ ಕೊಂಡವರು ನಮ್ಮ ನೆಂಟರಲ್ಲೇ ಮೂರು ಜನ ಇದ್ದಾರೆ. ಮಾಮ ಕೊಂಡದ್ದು ಇದಕ್ಕಿಂತ ಸ್ವಲ್ಪ ದೊಡ್ಡ ಪಿಕಪ್, ಸೆಕೆಂಡ್ ಹ್ಯಾಂಡ್. ಹೋಗುವಾಗ ಅಂಗಡಿ ಸಾಮಾನು, ಬರುವಾಗ ತಾಳವಾಡಿಯ ಎಲೆಕೋಸು.

ಕ್ಯಾರಿಯರ್ ಅನ್ನೋ ಪದಕ್ಕೆ ಬರೋಣ. ಕನ್ನಡದಲ್ಲಿ ಇದು ಬಲು ದುಡಿದ ಪದ. ಊಟದ ಕ್ಯಾರಿಯರ್, ಸೈಕಲ್ ಕ್ಯಾರಿಯರ್, ಬಸ್ಸಿನ ಮೇಲಿನ ಕ್ಯಾರಿಯರ್. ಪಿಕಪ್‌ನದು ಇವೆಲ್ಲಕ್ಕಿಂತ ಸರಳ. ಕ್ಯಾಬಿನ್ ಚಾವಣಿಗೆ ನಾಲ್ಕು ಕಾಲು, ಅದರ ಮೇಲೆ ಅಡ್ಡಡ್ಡ ಮೂರೋ ನಾಲ್ಕೋ ಕಬ್ಬಿಣದ ಪೈಪು. ಟಾರ್ಪಾಲು, ಹಗ್ಗ, ಕೆಲವೊಮ್ಮೆ ಡ್ರೈವರಿನ ಚಾಪೆ ಅಲ್ಲಿರುತ್ತೆ. ಮುಂಭಾಗಕ್ಕೆ ಒಂದು ತಗಡಿನ ಪಟ್ಟಿ ಹೊಡೆದು ದೇವರ ಹೆಸರು ಬರೆಸುತ್ತಾರೆ. ಮಾಮನ ಗಾಡಿಯಲ್ಲಿ ರಾಮಲಿಂಗ ಸೌಡೇಶ್ವರಿ ಅಮ್ಮನ ಹೆಸರಿದೆ, ತಮಿಳಿನಲ್ಲಿ. ಈ ತಗಡು ಆಮೇಲೆ ಮತ್ತೆ ಬರುತ್ತೆ, ನೆನಪಿಟ್ಟುಕೊಳ್ಳಿ.

ಹೊಸ ಕ್ಯಾರಿಯರ್ ಹಾಕಿಸಿದ್ದು ಒಂದು ಬೇಸಿಗೆಯಲ್ಲಿ. ಆಗ ಏನೂ ಇಲ್ಲ. ಜೂನ್ ಕಳೆದು ಆಡಿ ತಿಂಗಳ ಗಾಳಿ ಏಳುತ್ತಿದ್ದ ಹಾಗೆ ಸದ್ದು ಶುರುವಾಯಿತು. ವಿಚಿತ್ರ ಅಂದ್ರೆ ಹೋಗುವಾಗ ಇಲ್ಲ, ಬರುವಾಗ ಮಾತ್ರ. ಅದೇ ರಸ್ತೆ, ಅದೇ ವೇಗ. "ಹೋಗ್ತಾ ಮೂಕ, ಬರ್ತಾ ಕೂಗ್ತದೆ" ಅಂತ ಮಾಮ ಹೇಳುತ್ತಿದ್ದರು. ಅತ್ತೆ ಇದಕ್ಕೆ ಘಾಟಿಯ ಮೇಲಿಂದ ಏನೋ ಗಾಡಿ ಹತ್ತಿ ಬರ್ತದೆ ಅಂತ ನಿಂಬೆಹಣ್ಣು ಕಟ್ಟಿದ್ದೂ ಉಂಟು.

ಇಲ್ಲಿ ಒಂದು ಭಾಷೆಯ ಮಾತು ಸೇರಿಸಬೇಕು. ನಮ್ಮ ಮನೆಯ ಕನ್ನಡದಲ್ಲಿ ಸದ್ದಿಗೆ 'ಸತ್ತ' ಅಂತಾರೆ. ತಮಿಳಿನ 'ಸತ್ತಂ' ಇದು. ಬೆಂಗಳೂರಿನ ಗೆಳೆಯರೊಬ್ಬರಿಗೆ ಮಾಮ ಫೋನಿನಲ್ಲಿ "ಗಾಡಿ ಮೇಲೆ ಸತ್ತ ಬರ್ತದೆ" ಅಂದಾಗ ಅವರು ಗಾಬರಿಯಾದರು. ಕನ್ನಡದ ಸದ್ದು, ತಮಿಳಿನ ಸತ್ತಂ ಎರಡಕ್ಕೂ ಮೂಲ 'ಶಬ್ದ'ವೇ. ಪ್ರಾಕೃತದ ದಾರಿಯಲ್ಲಿ ಬಂದು ಒಂದು ಕಡೆ ಹೀಗೆ, ಇನ್ನೊಂದು ಕಡೆ ಹಾಗೆ ನಿಂತಿದೆ.

ಶಬ್ದ ಅಂದ ಮೇಲೆ ಕೇಶಿರಾಜ. ಸುಮಾರು 1260ರ 'ಶಬ್ದಮಣಿದರ್ಪಣ'ದಲ್ಲಿ ಮಾತಿನ ದನಿ ಹೇಗೆ ಹುಟ್ಟುತ್ತೆ ಅನ್ನೋದಕ್ಕೆ ಒಂದು ವಿವರಣೆ ಇದೆ. ಜೀವದ ಇಚ್ಛೆಯಂತೆ, ಅನುಕೂಲವಾದ ಗಾಳಿಯಿಂದ, ನಾಭಿಯ ಮೂಲದಲ್ಲಿ, ಕಹಳೆಯ ಹಾಗೆ ಶಬ್ದ ಹುಟ್ಟುತ್ತದೆ. ಅದು ಬಿಳಿಯ ಬಣ್ಣದ ದ್ರವ್ಯ ಅಂತಲೂ ಹೇಳುತ್ತಾನೆ. ನಾವೆಲ್ಲ ಬಿ.ಎ.ಯಲ್ಲಿ ಆ ಬಿಳಿ ಬಣ್ಣ ನೋಡಿ ನಕ್ಕು ಮುಂದೆ ಹೋದವರು. ನನಗೆ ಈಗ ಮುಖ್ಯ ಅನ್ನಿಸೋದು ಕಹಳೆ. ಗಾಳಿ ಇರಬೇಕು, ಕೊಳವೆ ಇರಬೇಕು, ಆಗ ದನಿ. ದೇಹವೇ ಒಂದು ಪೊಳ್ಳು ವಾದ್ಯ.

ಇದೇ ಮಾದರಿ ನಿಘಂಟಿನಲ್ಲೂ ಸಿಗುತ್ತೆ. ಅಮರಕೋಶದಲ್ಲಿ ಬಿದಿರಿನ ಹೆಸರುಗಳ ನಡುವೆ ಗಾಳಿ ತಾಗಿ ದನಿ ಮಾಡುವ ಬಿದಿರಿಗೇ ಪ್ರತ್ಯೇಕವಾಗಿ 'ಕೀಚಕ' ಅನ್ನೋ ಪದ ಕೊಟ್ಟಿದೆ. ನಾಚಿರಾಜನ ಕನ್ನಡ ಟೀಕೆಯ ಮೂಲಕ ಆ ಕೋಶ ನಮ್ಮ ಓದಿನ ಮನೆಗಳಿಗೂ ಬಂತು. ಕೀಚಕ ಅಂದ್ರೆ ನಮಗೆ ತಕ್ಷಣ ನೆನಪಾಗೋದು ಕುಮಾರವ್ಯಾಸನ ವಿರಾಟಪರ್ವದಲ್ಲಿ ಭೀಮನ ಕೈಲಿ ಸತ್ತವನು. ಬಿದಿರು ಯಾರಿಗೂ ನೆನಪಾಗಲ್ಲ. ಕಾಳಿದಾಸನಿಗೆ ಮಾತ್ರ ಈ ಬಿದಿರು ಬಹಳ ಇಷ್ಟ. ಮೇಘದೂತ, ರಘುವಂಶ, ಕುಮಾರಸಂಭವ ಮೂರರಲ್ಲೂ ತರುತ್ತಾನೆ. ಕುಮಾರಸಂಭವದ ಮೊದಲ ಸರ್ಗದಲ್ಲಿ ಹಿಮಾಲಯವೇ ಗುಹೆಯ ಬಾಯಿಂದ ಗಾಳಿ ಊದಿ ಬಿದಿರಿನ ರಂಧ್ರ ತುಂಬಿಸುತ್ತದೆ, ಹಾಡುವ ಕಿನ್ನರರಿಗೆ ಶ್ರುತಿ ಹಿಡಿಯುವವನ ಹಾಗೆ. ಬಿದಿರಿನಲ್ಲಿ ತೂತಿರಬೇಕು, ಒಳಗೆ ಪೊಳ್ಳಿರಬೇಕು ಅನ್ನೋದು ಎಲ್ಲ ಕಡೆ ಸ್ಪಷ್ಟ.

ಹಾಗಾದರೆ ಗಣಪತಿ ಕಡೆಯ ವೆಲ್ಡಿಂಗ್ ಪಟ್ಟರೆಯ ಯಜಮಾನರು ಮಾಮನ ಗಾಡಿ ನೋಡಿ ಮೊದಲ ಮಾತು "ಪೈಪ್ ಬಾಯಿ ತೆರೆದುಕೊಂಡಿದೆ, ಕೊಳಲಾಗಿದೆ" ಅಂದದ್ದು ಅಚ್ಚರಿಯೇನಲ್ಲ. ಅದು ಸುಳ್ಳೂ ಅಲ್ಲ. ಎರಡೂ ತುದಿ ತೆರೆದ 1.4 ಮೀಟರ್ ಪೈಪಿನೊಳಗಿನ ಗಾಳಿಕಂಬ ಸುಮಾರು 120 ಹರ್ಟ್ಸ್‌ಗೆ ಮಿಡಿಯಬಲ್ಲದು. ಅವರು ತುದಿಗಳಿಗೆ ರಬ್ಬರ್ ಬಿರಡೆ ಹಾಕಿದರು, ಬಳಸದೆ ಬಿಟ್ಟ ಬೋಲ್ಟ್ ತೂತುಗಳಿಗೆ ಎಂ-ಸೀಲ್ ತುಂಬಿದರು, ಕಾಲುಗಳ ಕೆಳಗೆ ರಬ್ಬರ್ ಇಟ್ಟು ಬಿಗಿದರು. ಗಡಗಡ ನಿಂತಿತು. ಸಣ್ಣ ಊಳು ಒಂದು ಹೋಯಿತು. ಆದರೆ ಬರುವಾಗಿನ 'ಗುಂಯ್' ಹಾಗೇ ಇತ್ತು.

ಈ ಗುಂಯ್ ಪೊಳ್ಳಿನದಲ್ಲ. ಆ ಪೈಪಿನ ಜಾಗದಲ್ಲಿ ಗಟ್ಟಿ ಸರಳನ್ನೇ ಹಾಕಿದ್ದರೂ ಅದು ಬರುತ್ತಿತ್ತು. ಗಾಳಿಗೆ ತಂತಿ ಹಾಡುವುದು ಎಲ್ಲರಿಗೂ ಗೊತ್ತಿದ್ದ ಸಂಗತಿ. 1650ರಲ್ಲೇ ಅಥನೇಷಿಯಸ್ ಕಿರ್ಚರ್ ಎಂಬ ಜೆಸ್ವಿಟ್ ಪಾದ್ರಿ ಗಾಳಿಯೇ ನುಡಿಸುವ ತಂತಿವಾದ್ಯವನ್ನು ತನ್ನ ಪುಸ್ತಕದಲ್ಲಿ ವಿವರಿಸಿದ್ದ. ಆದರೆ ತಂತಿ ಅಂದ್ರೆ ಬಿಗಿ, ಉದ್ದ, ಮಿಡಿತ, ವೀಣೆಯ ಹಾಗೆ, ಅನ್ನೋದೇ ಎಲ್ಲರ ನಂಬಿಕೆ. ಅದನ್ನು ಅಲುಗಾಡಿಸಿದವನು ಚೆಕ್ ಭೌತವಿಜ್ಞಾನಿ ಸ್ಟ್ರೌಹಾಲ್. 1878ರಲ್ಲಿ ಅವನು ತೋರಿಸಿದ್ದು ಇದು: ಗಾಳಿಗೆ ಹುಟ್ಟುವ ಈ ದನಿಯ ಏರಿಳಿತ ತಂತಿಯ ಬಿಗಿತವನ್ನಾಗಲಿ ಉದ್ದವನ್ನಾಗಲಿ ಕೇಳುವುದಿಲ್ಲ. ಕೇಳುವುದು ಎರಡನ್ನೇ. ಗಾಳಿಯ ವೇಗ, ತಂತಿಯ ದಪ್ಪ. ವೇಗ ಹೆಚ್ಚಿದರೆ ದನಿ ಮೇಲೆ ಏರುತ್ತೆ, ದಪ್ಪ ಹೆಚ್ಚಿದರೆ ಕೆಳಗಿಳಿಯುತ್ತೆ. ಮರುವರ್ಷವೇ ರೇಲಿ, ತಂತಿ ಮಿಡಿಯುವುದು ಗಾಳಿಯ ದಿಕ್ಕಿಗಲ್ಲ, ಅದಕ್ಕೆ ಅಡ್ಡಲಾಗಿ ಅಂತ ಕಂಡುಕೊಂಡ. ಅಂದ್ರೆ ಇದು ಕಮಾನು ಎಳೆದು ನುಡಿಸಿದ ಹಾಗಲ್ಲ. 1911ರ ಹೊತ್ತಿಗೆ ಗಟ್ಟಿಂಗೆನ್‌ನಲ್ಲಿ ಕಾರ್ಮನ್ ಕಾರಣಕ್ಕೆ ಲೆಕ್ಕ ಕೊಟ್ಟ. ಅವನ ಜೊತೆಗಾರ ಹೀಮೆನ್ಸ್ ನೀರಿನ ಹರಿವಿನಲ್ಲಿ ಒಂದು ದುಂಡುಕಂಬ ನಿಲ್ಲಿಸಿ ಪ್ರಯೋಗ ಮಾಡುತ್ತಿದ್ದ. ಎಷ್ಟು ನಯ ಮಾಡಿದರೂ ಹರಿವು ಅಲುಗಾಡುವುದು ನಿಲ್ಲಲೇ ಇಲ್ಲ. ಹಿಂದೆ ಸುಳಿಗಳು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಬಿಡುತ್ತವೆ, ಅದು ಪ್ರಯೋಗದ ತಪ್ಪಲ್ಲ, ಹರಿವಿನ ಸ್ವಭಾವ ಅಂತ ಕಾರ್ಮನ್ ತೋರಿಸಿದ. ಕ್ಯಾರಿಯರಿನಲ್ಲಿ ಪೈಪು ಅಡ್ಡ ಮಲಗಿರುವುದರಿಂದ ಸುಳಿ ಒಮ್ಮೆ ಮೇಲೆ, ಒಮ್ಮೆ ಕೆಳಗೆ. ಒಂದೊಂದು ಸುಳಿ ಬಿಟ್ಟಾಗಲೂ ಗಾಳಿಗೆ ಒಂದು ತಳ್ಳು. ಆ ತಳ್ಳುಗಳ ಸಾಲೇ ಗುಂಯ್.

ಲೆಕ್ಕ ಹಾಕೋಣ, ಗಣಿತ ಅಂತ ಯಾರೂ ಮ್ಯೂಟ್ ಮಾಡಬೇಡಿ. ಗಾಳಿಯ ವೇಗವನ್ನು ಕಂಬಿಯ ದಪ್ಪದಿಂದ ಭಾಗಿಸಿ 0.2ರಿಂದ ಗುಣಿಸಿದರೆ ಸೆಕೆಂಡಿಗೆ ಎಷ್ಟು ಮಿಡಿತ ಅಂತ ಬರುತ್ತೆ. ಮಾಮನ ಪೈಪಿನ ಹೊರಗಿನ ಅಡ್ಡಳತೆ 25 ಮಿಲಿಮೀಟರ್. ಗಾಡಿಯ ವೇಗ ಗಂಟೆಗೆ 60 ಕಿಲೋಮೀಟರ್. ಈಗ ಆಡಿ ಗಾಳಿ. ಪಶ್ಚಿಮಘಟ್ಟದ ಗೋಡೆಯಲ್ಲಿ ಪಾಲಕ್ಕಾಡಿನ ಹತ್ತಿರ ಒಂದು ದೊಡ್ಡ ಕಂಡಿ ಇದೆಯಲ್ಲ, ನೈಋತ್ಯ ಮಾರುತ ಅದರಲ್ಲಿ ನುಗ್ಗಿ ಕೊಯಮತ್ತೂರಿನ ಮೇಲೆ ಹಾಯುತ್ತೆ. ಪಲ್ಲಡಂ, ಉಡುಮಲೈ ಕಡೆ ಗಾಳಿಯಂತ್ರಗಳು ಸಾಲುಗಟ್ಟಿ ನಿಂತಿರೋದು ಅದಕ್ಕೇ. ಶರವಣಂಪಟ್ಟಿಯಿಂದ ಅಣ್ಣೂರಿನ ಕಡೆಗೆ ರಸ್ತೆ ಈಶಾನ್ಯಕ್ಕೆ ವಾಲಿಕೊಂಡು ಹೋಗುತ್ತೆ. ಹೋಗುವಾಗ ಗಾಳಿ ಓರೆಯಾಗಿ ಬೆನ್ನ ಹಿಂದೆ. ಬರುವಾಗ ಎದುರಿಗೆ. ರಸ್ತೆಯ ನೇರಕ್ಕೆ ಅದರ ಪಾಲು ಗಂಟೆಗೆ 20 ಕಿಲೋಮೀಟರ್ ಅಂತ ಇಟ್ಟುಕೊಂಡರೆ, ಹೋಗುವಾಗ ಕಂಬಿಗೆ ತಾಗುವ ಗಾಳಿ 40, ಬರುವಾಗ 80. ಮೊದಲನೆಯದಕ್ಕೆ 89 ಹರ್ಟ್ಸ್, ಎರಡನೆಯದಕ್ಕೆ 178. ಸರಿಯಾಗಿ ಎರಡರಷ್ಟು, ಸಂಗೀತದವರ ಲೆಕ್ಕದಲ್ಲಿ ಒಂದು ಸ್ಥಾಯಿ ಮೇಲೆ. ಅದಕ್ಕಿಂತ ದೊಡ್ಡ ವ್ಯತ್ಯಾಸ ದನಿಯ ಬಲದಲ್ಲಿದೆ. ಈ ಬಗೆಯ ಸದ್ದಿನ ಶಕ್ತಿ ವೇಗದ ಆರನೆಯ ಘಾತಕ್ಕೆ ತಕ್ಕಂತೆ ಏರುತ್ತೆ. ವೇಗ ಎರಡರಷ್ಟಾದರೆ ಸದ್ದಿನ ಶಕ್ತಿ 64 ಪಟ್ಟು. ಕ್ಯಾಬಿನ್ ಮುಂಗಂಚಿನ ಮೇಲೆ ಹತ್ತುವಾಗ ಗಾಳಿ ಇನ್ನಷ್ಟು ವೇಗ ಪಡೆಯೋದ್ರಿಂದ ನಿಜದ ಅಂಕಿ ಸ್ವಲ್ಪ ಬೇರೆ ಇರಬಹುದು, ಅನುಪಾತ ಇದೇ. ಹೋಗ್ತಾ ಮೂಕ, ಬರ್ತಾ ಕೂಗು. ನಿಂಬೆಹಣ್ಣಿನ ತಪ್ಪೇನೂ ಇಲ್ಲ.

ಒಂದು ಊಹೆ ಸೇರಿಸುತ್ತೇನೆ. ದಿಂಬಂ ಘಾಟಿಯಲ್ಲಿ ಕಾಡುಪ್ರಾಣಿಗಳು ಗಾಡಿಗೆ ಸಿಕ್ಕಿ ಸಾಯುತ್ತವೆ ಅಂತ ಮದ್ರಾಸ್ ಹೈಕೋರ್ಟಿನ ಆದೇಶದ ಮೇರೆಗೆ 2022ರ ಫೆಬ್ರವರಿಯಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂತು. ಮೊದಲು ರಾತ್ರಿ ಇಳಿದು ಬೆಳಗಿನ ಮಾರುಕಟ್ಟೆಗೆ ಮುಟ್ಟುತ್ತಿದ್ದ ಮಾಮ ಈಗ ಹಗಲು ಹೊತ್ತಲ್ಲಿ ಬರುತ್ತಾರೆ. ಬಯಲಿನ ಗಾಳಿ ಜೋರಾಗಿರೋದು ಮಧ್ಯಾಹ್ನ. ಆನೆ, ಚಿರತೆಗಳಿಗೆ ರಾತ್ರಿಯ ನೆಮ್ಮದಿ ಸಿಕ್ಕಿದ ಹೊತ್ತಿಗೇ ಮಾಮನ ಕ್ಯಾರಿಯರ್ ಬಾಯಿ ಬಿಟ್ಟಿತು ಅನ್ನೋದು ಬರೀ ಕಾಕತಾಳೀಯ ಅಂತ ನನಗೆ ಅನ್ನಿಸಲ್ಲ.

ಸದ್ದು ಬರೀ ಕಿರಿಕಿರಿ ಆಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಒಂದು ಮಧ್ಯಾಹ್ನ ಪುಳಿಯಂಪಟ್ಟಿ ದಾಟಿ ಬರುವಾಗ ಹಿಂದಿನಿಂದ ಬಂದ ಬಸ್ಸು ಹಾರ್ನ್ ಹೊಡೆಯುತ್ತಲೇ ಇತ್ತಂತೆ. ಮಾಮನಿಗೆ ಕೇಳಿಸಲೇ ಇಲ್ಲ. ಎದುರಿನ ಲಾರಿಗೆ ಜಾಗ ಬಿಡಲು ಬಸ್ಸು ಒಳಗೆ ಎಳೆದುಕೊಂಡಾಗ ಬಲಗಡೆಯ ಕನ್ನಡಿ ಮುರಿದು ಹೋಯಿತು. ಕನ್ನಡಿ ಹೋಗಿ ಉಳಿದದ್ದು ಉಳಿಯಿತು. ತಗ್ಗಿನ ದನಿ ಮೇಲಿನ ದನಿಯನ್ನು ಮುಚ್ಚಿಹಾಕುತ್ತದೆ, ತಿರುಗಾ ಅಷ್ಟಾಗಿ ಆಗುವುದಿಲ್ಲ ಅನ್ನೋದನ್ನು 1924ರಲ್ಲೇ ವೆಗೆಲ್ ಮತ್ತು ಲೇನ್ ಅಳೆದು ತೋರಿಸಿದ್ದಾರೆ. ಗುಂಯ್ ತಗ್ಗಿನದು, ಹಾರ್ನಿನ ಬಲ ಮೇಲಿನದು. ಅದರ ಮೇಲೆ ಇಪ್ಪತ್ತು ವರ್ಷದ ಪವರ್‌ಲೂಮ್. ದೊಡ್ಡ ಸದ್ದಿನಲ್ಲಿ ವರ್ಷಗಟ್ಟಲೆ ದುಡಿದವರ ಕಿವಿ ಮೊದಲು ಸೋಲೋದು 4000 ಹರ್ಟ್ಸ್ ಆಸುಪಾಸಿನಲ್ಲಿ. ಕಾರ್ಖಾನೆ ನಿಯಮಗಳಲ್ಲಿ ದಿನಕ್ಕೆ 8 ಗಂಟೆ 90 ಡೆಸಿಬೆಲ್ ಅನ್ನೋ ಮಿತಿ ಇದೆ. ಮನೆ ಪಕ್ಕದ ಶೆಡ್ಡಿಗೆ ಅದನ್ನು ಅಳೆಯಲು ಯಾರಾದರೂ ಬಂದದ್ದನ್ನು ನಮ್ಮ ಮನೆಯವರು ಕಂಡಿಲ್ಲ. ಮಗ್ಗ ಬಿಟ್ಟು ಬಂದರೂ ಮಗ್ಗ ಕಿವಿಯಲ್ಲೇ ಇತ್ತು.

ಇನ್ನು ಹಗ್ಗದ ಕತೆ. ಪಟ್ಟರೆಯಲ್ಲಿ ಯಾರೋ ಡ್ರೈವರ್ ಕಂಬಿಗೆ ಹಗ್ಗ ಸುತ್ತಿ ಅಂದಿದ್ದರು. ಮಾಮ 6 ಮಿಲಿಮೀಟರ್ ನೈಲಾನ್ ಹಗ್ಗ ತಂದು ಸುತ್ತಿದರು, ನೇಕಾರ ಸುತ್ತುವ ಹಾಗೆ. ಕಂಡಿಕೆಗೆ ನೂಲು ಸುತ್ತಿದಂತೆ ಒತ್ತೊತ್ತಾಗಿ, ಒಂದು ಎಳೆ ಮತ್ತೊಂದಕ್ಕೆ ತಾಗಿ, ನೋಡಲು ಚಂದ. ಗುಂಯ್ ಹೋಗಲಿಲ್ಲ. ಸ್ವಲ್ಪ ದಪ್ಪ ದನಿ ಆಯಿತು ಅಷ್ಟೆ. ಸ್ಟ್ರೌಹಾಲ್ ಲೆಕ್ಕ ಇದನ್ನೇ ಹೇಳುತ್ತೆ. ಒತ್ತೊತ್ತು ಹಗ್ಗ ಅಂದ್ರೆ ಹೆಚ್ಚುಕಡಿಮೆ 37 ಮಿಲಿಮೀಟರಿನ ಇನ್ನೊಂದು ದುಂಡುಕಂಬಿ. 178 ಇದ್ದದ್ದು 120ಕ್ಕೆ ಇಳಿಯಿತು.

ಒಂದು ದಿನ ತಾಳವಾಡಿಯಲ್ಲಿ ಕೋಸಿನ ಲೋಡು ಎತ್ತರವಾಗಿ, ಟಾರ್ಪಾಲು ಬಿಗಿಯಲು ಹಗ್ಗ ಸಾಲಲಿಲ್ಲ. ಕ್ಯಾರಿಯರಿನಿಂದ ಅರ್ಧಕ್ಕಿಂತ ಹೆಚ್ಚು ಬಿಚ್ಚಿ ಕೊಯ್ದು ತೆಗೆದುಕೊಂಡರು. ಉಳಿದದ್ದು ಜೋತಾಡಬಾರದು ಅಂತ ಅದೇ ಪೈಪಿನ ಉದ್ದಕ್ಕೂ ಅಂತರ ಬಿಟ್ಟು ಸುತ್ತಿ ತುದಿ ಕಟ್ಟಿದರು. ಆ ಮಧ್ಯಾಹ್ನ ಗುಂಯ್ ಬರಲಿಲ್ಲ.

ಇದೇ ಉಪಾಯ ಬ್ರಿಟನ್ನಿನಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆದಿದೆ. ಉಕ್ಕಿನ ಎತ್ತರದ ಹೊಗೆಕೊಳವೆಗಳು ಸಾಧಾರಣ ಗಾಳಿಗೇ ತೂಗಾಡುತ್ತಿದ್ದವು, ಕಾರಣ ಅದೇ ಸುಳಿಗಳು. ಅಲ್ಲಿನ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸ್ಕ್ರಟನ್ ಮತ್ತು ವಾಲ್ಶ್ 1957ರಲ್ಲಿ ಕೊಳವೆಯ ಮೇಲುಭಾಗಕ್ಕೆ ಬಳ್ಳಿ ಹಬ್ಬಿದ ಹಾಗೆ ಮೂರು ಪಟ್ಟಿಗಳನ್ನು ಸುತ್ತಿ ನಿಲ್ಲಿಸುವ ಉಪಾಯ ಹೇಳಿದರು. ಪಟ್ಟಿಯ ಎತ್ತರ ಕೊಳವೆಯ ಅಡ್ಡಳತೆಯ ಹತ್ತನೇ ಒಂದು, ಒಂದು ಸುತ್ತಿನಿಂದ ಇನ್ನೊಂದಕ್ಕೆ ಅಂತರ ಅಡ್ಡಳತೆಯ ಐದರಷ್ಟು. ಕಾರಿನ ಆಂಟೆನಾ ಕಡ್ಡಿಯ ಮೇಲೆ ಸುತ್ತಿಕೊಂಡ ಸಣ್ಣ ಏಣು ನೋಡಿರ್ತೀರಿ, ಅದೂ ಇದೇ. ಮಾಮನ 25 ಮಿಲಿಮೀಟರ್ ಪೈಪಿಗೆ ಐದರಷ್ಟು ಅಂದ್ರೆ 125, ಸುಮಾರು ಅರ್ಧ ಗೇಣು. ಅವರ ಸುತ್ತುಗಳನ್ನು ನಾನು ಅಳೆದಾಗ ಅರ್ಧ ಗೇಣಿಗೆ ಬೆರಳೆರಡು ಹೆಚ್ಚುಕಡಿಮೆ ಇದ್ದವು. ಹಗ್ಗ ಸುಳಿಗಳನ್ನು ನಿಲ್ಲಿಸುವುದಿಲ್ಲ, ಅವುಗಳ ಒಗ್ಗಟ್ಟನ್ನು ಮುರಿಯುತ್ತೆ. ಭಜನೆಯಲ್ಲಿ ನಲವತ್ತು ಜನ ಒಟ್ಟಿಗೆ ಚಪ್ಪಾಳೆ ತಟ್ಟಿದರೆ ಬೀದಿಯ ಕೊನೆಗೆ ಕೇಳುತ್ತೆ. ಅದೇ ನಲವತ್ತು ಜನ ಒಬ್ಬರ ಹಿಂದೆ ಒಬ್ಬರು ತಟ್ಟಿದರೆ ಮಳೆಯ ಹಾಗೆ ಸರಸರ. ಪೈಪಿನ ಉದ್ದಕ್ಕೂ ಸುಳಿ ಒಂದೇ ಕ್ಷಣಕ್ಕೆ ಬಿಡದ ಹಾಗೆ ಹಗ್ಗ ತಾಳ ತಪ್ಪಿಸುತ್ತೆ. ಒತ್ತೊತ್ತಾಗಿ ಸುತ್ತಿದಾಗ ಆ ಕೆಲಸ ಆಗಲಿಲ್ಲ, ಯಾಕಂದ್ರೆ ಎಲ್ಲ ಕಡೆ ಒಂದೇ ದಪ್ಪ. ಒಳ್ಳೆಯ ನೇಕಾರನ ಕೈ ಇಲ್ಲಿ ಅಡ್ಡ ಬಂತು, ಹಗ್ಗದ ಕೊರತೆ ನೆರವಾಯಿತು ಅಂತ ನಾನು ಓದುತ್ತೇನೆ.

"ಸತ್ತ ನಿಂತೋಯ್ತು" ಅಂತ ಮಾಮ ಮನೆಗೆ ಬಂದು ಹೇಳಿದರು. ಮರುವಾರ ಜೊತೆಗೆ ಹೋದ ಅತ್ತೆ ಹೇಳಿದ್ದು ಬೇರೆ. "ಎಲ್ಲಿ ನಿಂತದೆ? ಕೀ ಅಂತ ಕಿವಿ ಕೊಯ್ತದಲ್ಲ!" ಮಾಮ ಗಾಡಿ ನಿಲ್ಲಿಸಿ ಮತ್ತೆ ಓಡಿಸಿದರು. ಅವರಿಗೆ ಏನೂ ಇಲ್ಲ. ಅತ್ತೆಗೆ ವಯಸ್ಸಾಗಿ ಭ್ರಮೆ ಅಂದರು. ನಾನು ರಜೆಗೆ ಹೋದಾಗ ಕೂರಿಸಿಕೊಂಡು ಹೋದರು, ಪಂಚಾಯ್ತಿಗೆ. ಅತ್ತೆ ಹೇಳಿದ್ದೇ ಸರಿ. ತುಂಬ ಸಣ್ಣ, ತುಂಬ ಮೇಲಿನ ಸಿಳ್ಳು. ಗುಂಯ್ ಇದ್ದಷ್ಟು ದಿನ ಅದರ ಅಡಿಯಲ್ಲಿ ಅಡಗಿತ್ತು. ಮಗ್ಗ ತಿಂದುಹಾಕಿದ ಜಾಗದಲ್ಲೇ ಆ ದನಿ ಇದ್ದದ್ದರಿಂದ ಮಾಮನಿಗೆ ಅದು ಇಲ್ಲವೇ ಇಲ್ಲ.

ಹುಡುಕಿದ್ದು ಅತ್ತೆಯೇ. ಸೆಲ್ಲೋಟೇಪು ತಂದು ಅನುಮಾನ ಇದ್ದ ಒಂದೊಂದು ಸಂದಿಗೆ ಒಂದೊಂದು ಸಲ ಅಂಟಿಸಿ, ಕೋವಿಲ್‌ಪಾಳಯದವರೆಗೆ ಹೋಗಿ ಬರೋದು. ನಾಲ್ಕನೆಯ ಸಲ ಸಿಕ್ಕಿತು. ದೇವರ ಹೆಸರಿನ ತಗಡು ಪೈಪಿಗೆ ಪೂರ್ತಿ ಕೂತಿರಲಿಲ್ಲ, ಹಿಂದೆ ಒಂದು ಕಡ್ಡಿ ತೂರುವಷ್ಟು ಸಂದಿ, ಜೊತೆಗೆ ರಿವೆಟ್ ಬಿದ್ದುಹೋದ ಎರಡು ತೂತು. ಅಂದ್ರೆ ಇದು ಮತ್ತೆ ಕೀಚಕದ ಜಾತಿ. ತಗಡು ತೆಗೆದುಬಿಡಿ ಅಂತ ಪಟ್ಟರೆಯವರು ಹೇಳಿದರು. ಅಮ್ಮನ ಹೆಸರು ಇಳಿಸೋದಿಲ್ಲ ಅಂತ ಅತ್ತೆ. ಕೊನೆಗೆ ತಗಡಿನ ಹಿಂದೆ ರಬ್ಬರ್ ಬೀಡಿಂಗ್ ಕೂರಿಸಿ ಹೊಸ ರಿವೆಟ್ ಹೊಡೆದರು. ಸಿಳ್ಳು ಹೋಯಿತು. ಹೋಯಿತು ಅಂತ ಹೇಳಿದವರು ಅತ್ತೆ ಮತ್ತು ನಾನು. ಮಾಮ ನಮ್ಮ ಮಾತು ನಂಬಿ ಪಟ್ಟರೆಗೆ 350 ರೂಪಾಯಿ ಕೊಟ್ಟರು. ತಾನು ಕೇಳದ ಸದ್ದನ್ನು ನಿಲ್ಲಿಸಿದ್ದಕ್ಕೆ ಕೊಟ್ಟ ದುಡ್ಡು ಅದು.

ಸ್ಟ್ರೌಹಾಲ್, ರೇಲಿ, ಕಾರ್ಮನ್ ಚರಿತ್ರೆಯನ್ನು ಬರೆಯುವವರು ಸದ್ದು ಎಲ್ಲರಿಗೂ ಒಂದೇ ಅನ್ನೋ ಹಾಗೆ ಬರೆಯುತ್ತಾರೆ. ಕೇಳುವವರ ಕಿವಿಯ ಹಿಂದೆ ಯಾವ ದುಡಿಮೆ ಇದೆ ಅನ್ನೋದನ್ನೂ ಗಾಳಿಸದ್ದಿನ ಚರಿತ್ರೆಯಲ್ಲಿ ಸೇರಿಸಬೇಕು ಅನ್ನೋದು ನನ್ನ ಕೋರಿಕೆ. ಇಲ್ಲಿಗೆ ನನ್ನ ಮಾತು, ಪ್ರಶ್ನೆಗಳಿದ್ದರೆ ಕೇಳಿ.

ಪ್ರಶ್ನೆ (ಒಬ್ಬ ಸಹಪಾಠಿ): ದಿಂಬಂ ತಿರುವುಗಳಲ್ಲಿ ಹಾರ್ನ್ ಕೇಳಿಸೋದು ಇನ್ನೂ ಮುಖ್ಯ ಅಲ್ವಾ? ಅಲ್ಲಿ ಈ ಗುಂಯ್ ಬರ್ತಿರಲಿಲ್ವಾ?

ಉತ್ತರ: ಇಲ್ಲ. ತಿರುವಿನಲ್ಲಿ ಗಾಡಿಯ ವೇಗ 20ರ ಹತ್ತಿರ. ಅಷ್ಟಕ್ಕೆ ಮಿಡಿತ 44 ಹರ್ಟ್ಸ್, ಬಲ 80ರಲ್ಲಿ ಇದ್ದದ್ದರ ನಾಲ್ಕು ಸಾವಿರದಲ್ಲಿ ಒಂದು ಪಾಲು. ಎಂಜಿನ್ ಸದ್ದಿನಲ್ಲಿ ಅದು ಗೊತ್ತೇ ಆಗಲ್ಲ. ಅಪಾಯ ಇದ್ದದ್ದು ಬಯಲಿನ ನೇರ ರಸ್ತೆಯಲ್ಲಿ.

ಪ್ರಶ್ನೆ (ಒಬ್ಬರು ಅಧ್ಯಾಪಕರು): ಕೇಶಿರಾಜನಿಗೆ ಗಟ್ಟಿ ವಸ್ತುವಿನ ದನಿ ಗೊತ್ತಿರಲಿಲ್ಲ ಅನ್ನೋದು ಸ್ವಲ್ಪ ಜೋರಾಯ್ತಲ್ಲ? ಅವನು ಬರೆದದ್ದು ವ್ಯಾಕರಣ.

ಉತ್ತರ: ಗೊತ್ತಿರಲಿಲ್ಲ ಅಂತ ನಾನು ಹೇಳ್ತಾ ಇಲ್ಲ, ಸರ್. ಬಿಲ್ಲಿನ ಹೆದೆ, ಬೀಸಿದ ಕೋಲು, ಕವಣೆ ಇವುಗಳ ಸುಯ್ ಎಲ್ಲರೂ ಕೇಳಿದ್ದೇ. ದನಿ ಅಂದ್ರೆ ಏನು ಅಂತ ವಿವರಿಸಬೇಕಾದಾಗ ಕೈಗೆ ಬಂದ ಮಾದರಿ ಕಹಳೆ, ಕೋಲಲ್ಲ. ಮಾತನ್ನು ವಿವರಿಸಲು ಕಹಳೆಯೇ ಸರಿ ಕೂಡ. ನಾನು ನೋಡ್ತಿರೋದು ಆ ಮಾದರಿಯ ಬಾಳಿಕೆಯನ್ನು. ಗಣಪತಿಯ ಪಟ್ಟರೆಯಲ್ಲೂ ಕೊಳಲು ಅನ್ನೋ ಮಾತೇ ಮೊದಲು ಬಂತಲ್ಲ.

ಪ್ರಶ್ನೆ (ಇನ್ನೊಬ್ಬ ಸಹಪಾಠಿ): ಮಾಮನ ಕಿವಿಗೆ ಏನಾದರೂ ಮಾಡಿಸಿದ್ರಾ?

ಉತ್ತರ: ಪರೀಕ್ಷೆ ಮಾಡಿಸಿದ್ವಿ. ತಗ್ಗಿನಲ್ಲಿ ಚೆನ್ನಾಗಿದೆ, 4000ರ ಹತ್ತಿರ ಗೆರೆ ಬಾವಿಗೆ ಬಿದ್ದ ಹಾಗೆ ಇಳಿಯುತ್ತೆ, ಎರಡೂ ಕಿವಿಯಲ್ಲಿ. ಯಂತ್ರ ಕೊಟ್ಟಿದ್ದಾರೆ. ಮನೆಯಲ್ಲಿ ಹಾಕ್ಕೊಳ್ತಾರೆ, ಗಾಡಿಯಲ್ಲಿ ತೆಗೆದು ಜೇಬಿಗೆ ಇಡ್ತಾರೆ. ಕಿಟಕಿ ತೆರೆದಿದ್ದರೆ ಅದರ ಮೈಕಿಗೆ ಗಾಳಿ ಬಡಿದು ಭರ್ ಅಂತ ಸದ್ದು ಬರುತ್ತೆ, ಅದೇ ಕಾಟ. ಕಿಟಕಿ ಏರಿಸಿಕೊಳ್ಳಿ ಅಂತ ಅತ್ತೆ ಹೇಳ್ತಾರೆ. ಗಾಡಿಯಲ್ಲಿ ಎ.ಸಿ. ಇಲ್ಲ.